ಜಲ್ಲಿ ಹಾದಿಯ ಫಿಟ್ಟರ್

ನಮ್ಮ ಪಕ್ಕದ ಮನೆಯ ಫಿಟ್ಟರ್ ಚಹಾ ಕುಡಿಯುವಾಗಲೂ ಒಂದು ಕಾಲನ್ನು ಪೆಡಲಿನಿಂದ ಇಳಿಸುತ್ತಿರಲಿಲ್ಲ. ಬಾಲಾನಗರದ ಕಾರ್ಖಾನೆಗೆ ರಜೆ ಬಂತೆಂದರೆ ಸೈಕಲ್ಲಿಗೆ ಹಾಸಿಗೆ, ರೊಟ್ಟಿಗಂಟು ಕಟ್ಟಿ ಜಲ್ಲಿ ಹಾದಿ ಹಿಡಿಯುವರು. ಯಾಕೆಂದು ಕೇಳಿದರೆ, "ಡಾಂಬರಿನ ಮ್ಯಾಲೆ ಬರೇ ಡಾಂಬರ ಕಾಣ್ತೈತ್ರಿ!" ಆ ವರ್ಷ ಹಾಗೆಯೇ ಬೀದರ್ ಮುಟ್ಟಲೇಬೇಕೆಂದು ಕಾಡಿಬೇಡಿ ಎರಡು ದಿನ ಹೆಚ್ಚಿನ ರಜೆ ಪಡೆದಿದ್ದರು. ಜೊತೆಗೆ ನಾನೂ ಹೊರಟೆ.

ಡಾಂಬರು ಮುಗಿದಲ್ಲಿ ಎಂದಿನಂತೆ, "ಟೈರಿನ ಗಾಳಿ ಸ್ವಲ್ಪ ಇಳಸ್ರಿ ವಕೀಲ್ರ, ಜಲ್ಲಿ ಮ್ಯಾಲೆ ಜಾರಂಗಿಲ್ಲ," ಎಂದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದ ನನಗೆ ಅವರಿಟ್ಟ ಹೆಸರದು. ಗಟ್ಟಿ ಟೈರೇ ವೇಗವೆಂದು ಮೂರು ಕಾರಣ ಕೊಟ್ಟೆ.

"ಭಾಳ ಚಲೋ ಹೇಳಿದ್ರಿ," ಎಂದು ತಮ್ಮ ಟೈರಿನ ಗಾಳಿಯನ್ನಷ್ಟೇ ಇಳಿಸಿಕೊಂಡರು.

ಚೇವೆಳ್ಳ ಊರು ದಾಟಿದ ಮೇಲೆ ಇಳಿಜಾರಿನಲ್ಲಿ ನನ್ನ ಚಕ್ರ ಜಲ್ಲಿಯ ಮೇಲೆ ಜಾರಿತು. ಬಿದ್ದವನಿಗೆ ಕಾಲೂರಲು ಆಗಲಿಲ್ಲ. ಮುಂದೆ ಹೋಗಿದ್ದ ಫಿಟ್ಟರ್ ತಿರುಗಿ ಬಂದರು. ನನ್ನ ಸೈಕಲ್ಲನ್ನು ಹತ್ತಿರದ ತೋಟದಲ್ಲಿ ಬಿಟ್ಟು, ನನ್ನನ್ನು ತಮ್ಮದರ ಮೇಲೆ ಕೂರಿಸಿ ಬಸ್ ರಸ್ತೆಯ ಕಡೆ ತಳ್ಳತೊಡಗಿದರು.

"ನನ್ನ ಇಲ್ಲೇ ಬಿಟ್ಟು ಬೀದರಿಗೆ ಹೋಗ್ರಿ. ರಜಾ ಮತ್ತ ಸಿಗೂದಿಲ್ಲ," ಎಂದು ದಾರಿಯುದ್ದಕ್ಕೂ ವಾದಿಸಿದೆ. ಈ ಸಲ ನನ್ನ ವಾದದಲ್ಲಿ ಹುಳುಕಿರಲಿಲ್ಲ.

"ನಿಲ್ಲಸಬ್ಯಾಡ್ರಿ, ಮಾತಾಡ್ಕೋತ ಇರ್ರಿ," ಎಂದರು ಏದುಸಿರಿನ ನಡುವೆ. "ನೋವು ಗೊತ್ತಾಗಂಗಿಲ್ಲ."