ಟೆನ್ಶನ್ ಹಾಕುವ ಕಿಸೆ

ಗಾಜು ಒಡೆಯಬಹುದಿತ್ತು, ಜಗಳ ಹತ್ತಬಹುದಿತ್ತು, ಕೊನೆಗೆ ಅಂಪೈರ್ ಆದ ನನಗೇ ಏಟು ಬೀಳಬಹುದಿತ್ತು. ಮುಂಬಯಿಯ ಚೆಂಬೂರಿನ ನಮ್ಮ ವಠಾರದ, ಅಂದರೆ ಚಾಳಿನ, ಹುಡುಗರ ಬೈಕುಗಳನ್ನು ಪೊಲೀಸರು ಎತ್ತಿಕೊಂಡು ಹೋದಾಗಿನಿಂದ ಎರಡೂ ಕಡೆ ಮಾತು ನಿಂತಿತ್ತು. ಮತ್ತೆ ಮಾತಾಡಿಸಬೇಕೆಂದೇ ಬೀಟ್ ಹವಾಲ್ದಾರರು ನಮ್ಮ ಅಂಗಳದಲ್ಲಿ ಕ್ರಿಕೆಟ್ ಮ್ಯಾಚ್ ಇಟ್ಟಿದ್ದರು. ವಿಜಯಪುರದ ಕಡೆಯವರು. ನಾನು ಚಿಂತೆ ತೋಡಿಕೊಂಡಾಗಲೆಲ್ಲ ಅಂಗಿಯ ಕಿಸೆ ಅಗಲಿಸಿ ಹಿಡಿದು, "ಟೆನ್ಶನ್ ಇದರಾಗ ಹಾಕ್ರಿ ಸರ," ಎನ್ನುತ್ತಿದ್ದರು.

ಕೊನೆಯ ಚೆಂಡು, ಪೊಲೀಸರಿಗೆ ಎರಡು ರನ್ ಬೇಕು. ಹವಾಲ್ದಾರರು ಬೀಸಿದ ಹೊಡೆತಕ್ಕೆ ಚೆಂಡು ಗೋಡೆಯನ್ನೇ ದಾಟಿತು! "ಸಿಕ್ಸರ್!" ಎಂದು ಪೊಲೀಸರು ಕುಣಿದರು. ಆದರೆ ಚಾಳಿನ ನಿಯಮದಲ್ಲಿ ಗೋಡೆ ದಾಟಿದರೆ ಔಟು. ಎಲ್ಲರ ಕಣ್ಣೂ ನನ್ನ ಮೇಲೆ.

"ಕಾಕಾ ಗಾಬರಿ ಆಗ್ಯಾರಲೇ, ಔಟ್ ಕೊಡಂಗಿಲ್ಲ!" ಎಂದು ನಮ್ಮ ಚಾಳಿನ ಬೌಲರ್ ನನ್ನನ್ನು ಚುಚ್ಚಿದ.

ಹವಾಲ್ದಾರರು ನಿಂತಲ್ಲಿಂದಲೇ ಕಿಸೆ ಅಗಲಿಸಿ ನನಗೆ ತೋರಿಸಿದರು. ನನ್ನ ಬೆರಳು ಮೇಲೆದ್ದಿತು.

ಅವರು ನಗುತ್ತ ಬಂದು ಬೌಲರನ ಕೈ ಕುಲುಕಲು ಕೈ ಚಾಚಿದರು. ಚಾಳಿಗೆ ಚಾಳೇ ಅವರನ್ನು ಮುತ್ತಿಕೊಂಡಿತು. ಗಾಜು ಒಡೆಯಲಿಲ್ಲ, ಜಗಳವಾಗಲಿಲ್ಲ. ಎಡವಟ್ಟಾಗಿದ್ದು ಒಂದೇ: ಆ ಬೌಲರನ ಕೈ ಅವರಿಗೆ ಸಿಗಲಿಲ್ಲ. ನಿಷ್ಪಕ್ಷಪಾತಿ ಅಂಪೈರು ಅವನನ್ನು ತಬ್ಬಿಕೊಂಡು ಕುಣಿಯುತ್ತಿದ್ದ.