ಗಂಗೊಳ್ಳಿಯ ಕರೆಂಟ್ ರಿಕ್ಷಾ

ನನ್ನ ಗಂಡ ಮುಂಬೈಯ ಹೋಟೆಲ್ ಕೆಲಸ ಬಿಟ್ಟು ಗಂಗೊಳ್ಳಿಗೆ ವಾಪಸು ಬಂದವರೇ ಕರೆಂಟಿನಲ್ಲಿ ಓಡುವ ರಿಕ್ಷಾ ತಂದರು. ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲ್ ಬಂಕಿನ ಮುಖ ನೋಡಬೇಕಾಗಿಲ್ಲ ಎಂದು ಬಂದರಿನಲ್ಲಿ ಎಲ್ಲರಿಗೂ ವಿವರಿಸಿದರು. ಕೇಳದವರನ್ನೂ ನಿಲ್ಲಿಸಿ ವಿವರಿಸಿದರು. ಕೇಳಬೇಕಾದ ಪ್ರಶ್ನೆ ಕೇಳಿದವರು ಮಾತ್ರ ನಮ್ಮ ಅತ್ತೆ.

"ಚಾರ್ಜ್ ಮಾಡುದ್ ಎಲ್ಲಿ ಮಗಾ?"

"ಮನಿಯಂಗೇ ಅಮ್ಮ."

"ಮನಿಯಂಗೆ ಫ್ಯಾನ್ ತಿರ್ಗುದೇ ನಮ್ ಪುಣ್ಯ. ಇನ್ ರಿಕ್ಷಾಕ್ಕೂ ಕರೆಂಟ್ ಕೊಡ್ಕಾ?"

ಅತ್ತೆ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಓಣಿಯೊಳಗೆ ಸೈಕಲ್ ಬಂದರೆ ಎದುರಿಗೆ ಬಂದವರು ಗೋಡೆಗೆ ಅಂಟಿಕೊಳ್ಳಬೇಕು, ರಿಕ್ಷಾ ಎಲ್ಲಿಂದ ಬರಬೇಕು? ಅದು ಓಣಿಯ ಬಾಯಲ್ಲೇ ನಿಲ್ಲುತ್ತಿತ್ತು. ನಮ್ಮ ಕಿಟಕಿಯಿಂದ ಹೊರಟ ವೈರು ಪಕ್ಕದ ಮನೆಯ ಕಂಪೌಂಡಿನ ಮೇಲೆ, ಮಲ್ಲಿಗೆ ಬಳ್ಳಿಯ ಸಂದಿಯಲ್ಲಿ ಹಾದು ಅದನ್ನು ತಲುಪುತ್ತಿತ್ತು. ಸ್ವಿಚ್ ಹಾಕಿದ ಕೂಡಲೇ ಅಕ್ಕಪಕ್ಕದ ಬಲ್ಬುಗಳೆಲ್ಲ ಹಳದಿಯಾಗುತ್ತಿದ್ದವು. ಪಕ್ಕದ ಮನೆಯಾಕೆ ಕಿಟಕಿಯಿಂದಲೇ ಕೂಗುತ್ತಿದ್ದಳು.

"ಹ್ವಾಯ್, ನಿಮ್ ರಿಕ್ಷಾದ್ ಊಟ ಆಯ್ತಾ? ನಂಗೆ ಮಸಾಲಿ ಕಡೂಕಿತ್ತ್. ಮಿಕ್ಸಿ ತಿರ್ಗುದಿಲ್ಲ!"

ಇವರು ಓಡಿಹೋಗಿ ಪ್ಲಗ್ ಕಿತ್ತು, ಅವಳ ಮಸಾಲೆ ನುಣ್ಣಗಾಗುವವರೆಗೆ ಅಂಗಳದಲ್ಲಿ ಕಾಯುತ್ತಿದ್ದರು. ಮುಂಬೈಯಲ್ಲಿ ದೊಡ್ಡ ಹೋಟೆಲಿನ ಅಡುಗೆಮನೆಯನ್ನೇ ಆಳಿದ ಮನುಷ್ಯ ಇಲ್ಲಿ ಒಂದು ಮಿಕ್ಸಿಗೆ ಹೆದರಿ ನಿಂತಿದ್ದನ್ನು ನೋಡಿ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದುಂಟು.

ಬೇರೆ ಕಡೆ ಚಾರ್ಜ್ ಮಾಡೋಣವೆಂದರೆ ಹತ್ತಿರದ ಚಾರ್ಜರ್ ಇದ್ದದ್ದು ಕುಂದಾಪುರದ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ. ಬಂದರಿನಲ್ಲಿ ನಿಂತರೆ ಹೊಳೆಯಾಚೆ ಕುಂದಾಪುರ ಕಣ್ಣಿಗೆ ಕಾಣುತ್ತದೆ. ದೋಣಿಯಲ್ಲಿ ಹೋದರೆ ಹತ್ತಿರ, ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ಇವರು ಒಮ್ಮೆ ಸುತ್ತುಹಾಕಿಕೊಂಡು ಹೋಗಿಯೂ ಬಂದರು. ಅಲ್ಲಿದ್ದದ್ದು ಕಾರಿನ ಚಾರ್ಜರ್. ಅದರ ಪ್ಲಗ್ ನಮ್ಮ ರಿಕ್ಷಾಕ್ಕೆ ಹಿಡಿಸಲಿಲ್ಲ. ಹೋದ ತಪ್ಪಿಗೆ ಒಂದು ಮಸಾಲೆದೋಸೆ ತಿಂದು ಬಂದರಂತೆ.

ಅತ್ತೆ ಮೀನು ಮಾರುವವರು. ಎಷ್ಟೋ ವರ್ಷ ಬುಟ್ಟಿ ಹೊತ್ತು, ಬಸ್ಸು ಹತ್ತಿ ಇಳಿದವರು. ಒಂದು ದಿನ ಅವರಿಗೆ ಬ್ರಹ್ಮಾವರದ ಗಿರಾಕಿಯೊಬ್ಬರಿಂದ ಅಂಜಲ್ ಮೀನು ಬೇಕೆಂದು ಫೋನ್ ಬಂತು. ಹಿಂದಿನ ದಿನವಿಡೀ ಕರೆಂಟ್ ಇರಲಿಲ್ಲ, ಬ್ಯಾಟರಿ ಅರ್ಧವೂ ತುಂಬಿರಲಿಲ್ಲ. ಬಸ್ಸಿಗೆ ಹೋಗುತ್ತೇನೆ ಎಂದು ಅತ್ತೆ ಎದ್ದರು. ಇವರಿಗೆ ಅವಮಾನವಾಯಿತು.

"ರಿಕ್ಷಾ ಇತ್ತಲ್ದಾ, ಬಸ್ ಎಂತಕೆ? ಕೂಕಣಿ."

ನಾನೂ ಜೊತೆಗೆ ಹೊರಟೆ. ಕೋಟ ದಾಟುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಸಾಲಿಗ್ರಾಮದ ಹತ್ತಿರ, ದಾರಿ ಉಳಿಯುತ್ತದೆಂದು ಒಳರಸ್ತೆ ಹಿಡಿದ ಸ್ವಲ್ಪ ಹೊತ್ತಿಗೆ ರಿಕ್ಷಾ ಆಮೆಯಂತಾಗಿ, ಒಂದು ಮನೆಯ ಗೇಟಿನೆದುರು ನಿಂತೇಬಿಟ್ಟಿತು. ಅಂಗಳದಲ್ಲಿ ಚಪ್ಪರ, ಒಳಗಿನಿಂದ ಗಂಟೆಯ ಸದ್ದು, ಊದುಬತ್ತಿಯ ಘಮ. ಸತ್ಯನಾರಾಯಣ ಪೂಜೆ ನಡೆಯುತ್ತಿತ್ತು. ನಮ್ಮ ಕಾಲಬುಡದಲ್ಲಿ ಎರಡು ಬುಟ್ಟಿ ಮೀನು.

"ನಾನ್ ಇಳುದಿಲ್ಲ. ಮೀನ್ ಹಿಡ್ಕಂಡ್ ಪೂಜಿ ಮನಿಗೆ ಹೋಪುದಾ?" ಎಂದು ಅತ್ತೆ ಮುಖ ತಿರುಗಿಸಿ ಕೂತರು.

ಅಷ್ಟರಲ್ಲಿ ಮನೆಯ ಯಜಮಾನಿ ಗೇಟಿಗೆ ಬಂದರು. "ಎಂತ ಆಯ್ತ್? ಪೆಟ್ರೋಲ್ ಖಾಲಿಯಾ?"

"ಇಲ್ಲ ಅಮ್ಮ, ಕರೆಂಟ್ ಖಾಲಿ," ಎಂದರು ಇವರು.

ಆಕೆ ಗೇಟು ಹಿಡಿದುಕೊಂಡು ನಕ್ಕರು. ಆಮೇಲೆ ತೋಟದ ಪಂಪುಶೆಡ್ಡಿನಲ್ಲಿ ಪ್ಲಗ್ ಇದೆ, ಅದು ಮನೆಯಿಂದ ದೂರ, ಮೀನಿನ ಚಿಂತೆ ಬೇಡ ಎಂದರು. ನಾವು ಮೂವರೂ ಸೇರಿ ರಿಕ್ಷಾ ತಳ್ಳಿದೆವು. ಚಾರ್ಜ್ ಏನೋ ಶುರುವಾಯಿತು. ಆದರೆ ಹೊರಡುವಷ್ಟು ತುಂಬಲು ಊಟದ ಹೊತ್ತು ಮೀರಬೇಕಿತ್ತು. ಬುಟ್ಟಿಯ ಐಸ್ ಆಗಲೇ ತೊಟ್ಟಿಕ್ಕುತ್ತಿತ್ತು, ಎಲ್ಲಿಂದಲೋ ಬಂದ ಬೆಕ್ಕೊಂದು ನಮ್ಮನ್ನು ಪ್ರೀತಿಯಿಂದ ನೋಡತೊಡಗಿತ್ತು.

"ಬಸ್ಸಿಗೆ ನಾನೇ ಹೋತೆ," ಎಂದು ಅತ್ತೆ ಎದ್ದರು. ಅವರ ಮೊಣಕಾಲು ನೋವು ಮಗನಿಗೆ ಗೊತ್ತಿತ್ತು. ಇವರು ಟವೆಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟರು. ಒಂದು ಬುಟ್ಟಿಯನ್ನು ಅದರ ಮೇಲೆ ಹೊತ್ತು, ಇನ್ನೊಂದನ್ನು ಕಂಕುಳಲ್ಲಿ ಹಿಡಿದು ಹೆದ್ದಾರಿಯ ಕಡೆ ನಡೆದರು. ಹೋಗುವಾಗ ಮೀನಿನ ನೀರು ಇಸ್ತ್ರಿ ಅಂಗಿಯ ಮೇಲೆ ಇಳಿಯುತ್ತಿತ್ತು. ರಿಕ್ಷಾ ಇರುವಾಗ ಬಸ್ಸೇಕೆ ಎಂದು ಅದೇ ಬೆಳಿಗ್ಗೆ ಕೇಳಿದವರು ಇವರೇ.

ನಮಗೆ ಮಾತ್ರ ಪಂಪುಶೆಡ್ಡಿಗೇ ಬಾಳೆಎಲೆ ಬಂತು. ಯಜಮಾನಿಯೇ ಬಡಿಸಿದರು. ಅತ್ತೆ ಸಂಕೋಚದಿಂದ, "ನಮ್ ಕೈಯೆಲ್ಲ ಮೀನಿನ ವಾಸ್ನಿ ಅಮ್ಮ," ಎಂದರೆ, "ಉಂಬುದ್ ನೀವ್ ಅಲ್ದಾ, ನಿಮ್ಗ್ ಅಡ್ಡಿ ಇಲ್ದಿರೆ ನಂಗೆಂತ?" ಎಂದು ಇನ್ನೊಂದು ಸೌಟು ಸಾರು ಹಾಕಿದರು. ಅತ್ತೆ ಊಟ ಮಾಡುತ್ತ ನಡುನಡುವೆ ನಕ್ಕರು. ಒಮ್ಮೆ ಮಾತ್ರ ತುತ್ತು ಕೈಯಲ್ಲೇ ಹಿಡಿದು, "ಪಾಪ, ಭಾರ ಇತ್ತೇನೋ," ಎಂದರು.

ಇವರು ಮೀನು ಮುಟ್ಟಿಸಿ ತಿರುಗಿ ಬಂದಾಗ ಕತ್ತು ಉಜ್ಜಿಕೊಳ್ಳುತ್ತಿದ್ದರು. ಕಂಡಕ್ಟರ್ ಹಿಂದಿನ ಬಾಗಿಲಲ್ಲೇ ನಿಲ್ಲಿಸಿದನಂತೆ. ಇಳಿಯುವಾಗ ಬುಟ್ಟಿ ಹಿಡಿಯಲು ಯಾರೂ ಕೈ ಕೊಡಲಿಲ್ಲವಂತೆ. ತಾಯಿಯ ಪಕ್ಕ ಕೂತು, "ಇಷ್ಟ್ ವರ್ಷ ಹ್ಯಾಂಗ್ ಹೊತ್ರಿ ಅಮ್ಮ?" ಎಂದು ಕೇಳಿದರು. ಅತ್ತೆ, ಯಜಮಾನಿ ತಂದ ಪಾಯಸದ ಲೋಟವನ್ನು ಮಗನ ಕೈಗಿಟ್ಟರು.

ಅದಾದ ಮೇಲೆ ಅತ್ತೆ ಸುಮ್ಮನಿರಲಿಲ್ಲ. ಮುಂದಿನ ಗ್ರಾಮಸಭೆಗೆ ಮೀನು ಮಾರುವ ಹೆಂಗಸರನ್ನೆಲ್ಲ ಕರೆದುಕೊಂಡು ಹೋದರು. ಅಲ್ಲಿ ಅಧಿಕಾರಿಯೊಬ್ಬರು, ಚಾರ್ಜಿಂಗ್ ಜಾಗ ಮಾಡುವುದಾದರೆ ಹೆದ್ದಾರಿಯ ತಿರುವಿನಲ್ಲಿ, ಕಾರುಗಳು ನಿಲ್ಲುವಲ್ಲಿ ಮಾಡಬಹುದು ಎಂದರು. ಅತ್ತೆ ಎದ್ದು ನಿಂತರು.

"ಕಾರಿನವ್ರಿಗೆ ಮನಿಯಂಗೇ ಜಾಗ ಇತ್ತ್, ಕರೆಂಟೂ ಇತ್ತ್. ನಮ್ ಓಣಿಯಂಗೆ ಎಂತ ಇತ್ತ್? ನಾವ್ ದಿನಾ ಪೂಜಿ ಮನಿ ಹುಡ್ಕಂಡ್ ಹೋಪುದಾ?"

ಪೂಜೆ ಮನೆ ಎಂದರೇನೆಂದು ಅಧಿಕಾರಿಗೆ ತಿಳಿಯಲಿಲ್ಲ. ಹೆಂಗಸರೆಲ್ಲ ಒಟ್ಟಿಗೆ ವಿವರಿಸಿದ್ದರಿಂದ ಆಮೇಲೂ ತಿಳಿಯಲಿಲ್ಲ. ಆದರೂ ಅವರು ಒಂದು ದಿನ ಓಣಿಗೆ ಬಂದರು. ಅತ್ತೆ ರಿಕ್ಷಾ ಚಾರ್ಜಿಗೆ ಹಾಕಿಸಿ, ಪಕ್ಕದ ಮನೆಯಾಕೆಗೆ ಮಿಕ್ಸಿ ಹಾಕಲು ಹೇಳಿದರು. ಮಿಕ್ಸಿ ನರಳಿದ್ದನ್ನು ಅಧಿಕಾರಿ ತಾವೇ ಕೇಳಿಸಿಕೊಂಡರು.

ಒಂದು ಮಳೆಗಾಲ ಕಳೆದ ಮೇಲೆ ಮೀನು ಮಾರುಕಟ್ಟೆಯ ಪಕ್ಕ ಬೇರೆ ಲೈನು ಎಳೆದು, ಶೀಟು ಹಾಕಿ, ರಿಕ್ಷಾ ಮತ್ತು ಸ್ಕೂಟರುಗಳಿಗೆ ಹಿಡಿಸುವ ಪ್ಲಗ್ ಪಾಯಿಂಟುಗಳನ್ನು ಕೂರಿಸಿದರು. ಈಗ ಊರಿನಲ್ಲಿ ಕರೆಂಟ್ ರಿಕ್ಷಾ ನಮ್ಮದೊಂದೇ ಅಲ್ಲ. ಚಾರ್ಜ್ ಆಗುವವರೆಗೆ ಸುಮ್ಮನೆ ಕೂತ ಡ್ರೈವರುಗಳಿಗೆ ಅತ್ತೆ ಅಲ್ಲಿಯೇ ಮೀನು ಮಾರುತ್ತಾರೆ. ನನ್ನ ಗಂಡ ಅಲ್ಲಿಗೆ ಯಾರೂ ನೇಮಿಸದ ಮೇಲ್ವಿಚಾರಕರು.

ಮೊನ್ನೆ ಶಿರೂರಿನ ಡ್ರೈವರೊಬ್ಬರು ಬಂದಿದ್ದರು. ಅವರ ಕಡೆ ಇನ್ನೂ ಇಂಥದ್ದೇನೂ ಇಲ್ಲವಂತೆ, ಗ್ರಾಮಸಭೆಯಲ್ಲಿ ಕೇಳಿದರೆ ಆದೀತೇ ಎಂದರು.

"ಕೇಣಿ," ಎಂದರು ಇವರು, ಬಹಳ ಅನುಭವಸ್ಥರಂತೆ. "ಆದ್ರೆ ಒಬ್ರೇ ಹೋಯ್ಬೇಡಿ. ಮೀನಿನ್ ಹೆಂಗ್ಸ್ರನ್ನ್ ಕರ್ಕಂಡ್ ಹೋಯ್ನಿ."