ಬೀಗರು ಕುಂಡ್ರುವ ಜಾಗ

ಐಗಳಿಯ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಅವನು ಮಾತಾಡುವಾಗಲೂ ಒಂದು ಕಣ್ಣು ಮುಚ್ಚುತ್ತಿದ್ದ. ಎಡಗಣ್ಣು ಎಂದು ಬರೆಯಹೊರಟೆ, ಖಾತ್ರಿಯಿಲ್ಲ. ಜಾಲಿಯ ಮುಳ್ಳುಕಂಟಿಗಳಿಗೆ ಕಲ್ಲು ಕಟ್ಟಿ ನೀರಿನಲ್ಲಿ ಮುಳುಗಿಸುತ್ತಿದ್ದ. ಮೀನುಗಳು ಆ ಕಂಟಿಯೊಳಗೆ ಬಂದು ಸೇರುತ್ತಿದ್ದವು. ಅವುಗಳನ್ನು ಅವನು ಬೀಗರು ಎನ್ನುತ್ತಿದ್ದ. ಯಾರಾದರೂ ಅವಸರ ಮಾಡಿದರೆ, "ತಡೀರಿ, ಬೀಗರು ಕುಂಡ್ರಲಿ" ಎಂಬುದೇ ಉತ್ತರ.

ಕಂಟಿ ಮುಳುಗಿಸಿದ ಕಡೆ ಬಾಟಲಿ ತೇಲಿಬಿಟ್ಟು ಗುರುತು ಮಾಡಿದರೆ ಬೇರೆಯವರು ಬಲೆ ಹಾಕುತ್ತಾರೆಂಬ ಭಯ. ಅದಕ್ಕೇ ದಂಡೆಯ ಬೇವಿನ ಮರವನ್ನೂ ಅದರ ಹಿಂದಿನ ಮೊಬೈಲ್ ಟವರನ್ನೂ ಒಂದೇ ಗೆರೆಗೆ ತಂದು ಜಾಗ ನೆನಪಿಟ್ಟಿದ್ದ. ರಸ್ತೆ ಅಗಲ ಮಾಡುವವರು ಆ ಮರ ಕಡಿದರು. ಹುಣಸೆ ಮರವೆನ್ನುವವರೂ ಇದ್ದಾರೆ. ಏನೇ ಇರಲಿ, ಬೇಸಿಗೆಯ ದುಡಿಮೆಯೆಲ್ಲ ನೀರಿನಡಿ ಎಲ್ಲೋ ಉಳಿಯಿತು.

ಮರುದಿನ ಅವನು ತೆಪ್ಪದಲ್ಲಿ, ಅವನ ಹೆಂಡತಿ ಆ ಮರದ ಬೊಡ್ಡೆಯ ಮೇಲೆ, ಮರದ ಬದಲಿಗೆ.

"ಕೈ ಮ್ಯಾಲ ಎತ್ತ ಬೇ! ಗಿಡಾ ಇಷ್ಟ ಗಿಡ್ಡ ಇತ್ತೇನ?"

"ಗಿಡಾನ ಬೇಕಾಗಿದ್ರ ನನ್ನ ಯಾಕ ಲಗ್ನಾ ಆದ್ರಿ?"

ದಂಡೆಯಲ್ಲಿದ್ದ ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಒಂದು ಕಣ್ಣು ಮುಚ್ಚಿ, ಅವಳನ್ನೂ ಟವರನ್ನೂ ಗೆರೆಗೆ ತಂದು, ಉದ್ದನೆಯ ಬಿದಿರಿನಿಂದ ತಳ ತಡವುತ್ತ ಹೋದ. ಬಹಳ ಹೊತ್ತಿನ ಮೇಲೆ ಬಿದಿರು ಕಂಟಿಯಲ್ಲಿ ಸಿಕ್ಕಿಕೊಂಡಿತು.

"ಅದಾರ! ಬೀಗರು ಅದಾರ!"

"ಕೈ ಇಳಸ್ಲ್ಯಾ?"

"ತಡಿ."

ಜಾಗ ಸಿಕ್ಕಿತ್ತು. ಆದರೂ ಅವನು ಎರಡೂ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ.